ಕೆಂಪಿನ ಆಚೆ ಇಟ್ಟ ಉಷ್ಣಮಾಪಕ: ವಿಲಿಯಂ ಹರ್ಷೆಲ್

ನನ್ನ ಅಭ್ಯಾಸ ಬೋಧನೆಯ ಹನ್ನೆರಡನೇ ಪಾಠ ಹತ್ತನೇ ತರಗತಿಗೆ, ಬೆಳಕಿನ ವರ್ಣವಿಭಜನೆಯ ಮೇಲೆ. ಪಾಠಯೋಜನೆಯಲ್ಲಿ ವಿಲಿಯಂ ಹರ್ಷೆಲ್ ಅವರ ಹೆಸರಿಗೆ ನಾನು ಕೊಟ್ಟಿದ್ದು ಎರಡೇ ನಿಮಿಷ. ಪಟ್ಟಕದಿಂದ ಬಿದ್ದ ಏಳು ಬಣ್ಣಗಳಲ್ಲಿ ಉಷ್ಣಮಾಪಕ ಇಟ್ಟರು, ಕೆಂಪಿನ ಆಚೆ ಏನೂ ಕಾಣದ ಜಾಗದಲ್ಲಿ ತಾಪ ಇನ್ನೂ ಹೆಚ್ಚಿತ್ತು, ಹೀಗೆ 1800ರಲ್ಲಿ ಅವಕೆಂಪು ಕಿರಣ ಸಿಕ್ಕಿತು. ಇಷ್ಟು ಹೇಳಿ ಮುಂದೆ ಹೋಗುವುದು ಎಂದುಕೊಂಡಿದ್ದೆ. ಎರಡನೇ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, ಇನ್ನೂ ಆಚೆ ಆಚೆ ಇಡುತ್ತಾ ಹೋದರೆ ತಾಪ ಏರುತ್ತಲೇ ಹೋಗುತ್ತದೆಯೇ ಎಂದು ಕೇಳಿದಳು. ಇಲ್ಲ, ಸ್ವಲ್ಪ ದೂರದ ಮೇಲೆ ಇಳಿಯುತ್ತದೆ ಎಂದೆ. ಹಾಗಾದರೆ ಶಿಖರ ಕೆಂಪಿನ ಆಚೆಯೇ ಏಕೆ, ಹಳದಿಯಲ್ಲಿ ಏಕಿಲ್ಲ ಎಂದಳು. ಸೂರ್ಯನ ಬೆಳಕಿನಲ್ಲಿ ಅವಕೆಂಪೇ ಎಲ್ಲಕ್ಕಿಂತ ಬಿಸಿ ಎಂದು ಧೈರ್ಯವಾಗಿ ಹೇಳಿಬಿಟ್ಟೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೀಕ್ಷಕರು ನನ್ನ ಪುಸ್ತಕದಲ್ಲಿ ಆ ವಾಕ್ಯದ ಕೆಳಗೆ ಗೆರೆ ಎಳೆದು, ಪರಿಶೀಲಿಸಿ ಎಂದಷ್ಟೇ ಬರೆದಿದ್ದರು.

ಪರಿಶೀಲಿಸಲು ಹೋದಾಗ ಆ ಎರಡು ನಿಮಿಷದ ಹಿಂದೆ ಇದ್ದ ಮನುಷ್ಯ ಸಿಕ್ಕರು. ನನ್ನ ಉತ್ತರ ತಪ್ಪು ಎಂಬುದೂ ಸಿಕ್ಕಿತು. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಹರ್ಷೆಲ್ ಹುಟ್ಟಿದ್ದು 1738ರ ನವೆಂಬರ್ 15ರಂದು, ಜರ್ಮನಿಯ ಹ್ಯಾನೋವರ್ ಪಟ್ಟಣದಲ್ಲಿ. ತಂದೆ ಐಸಾಕ್ ಸೈನ್ಯದ ವಾದ್ಯತಂಡದಲ್ಲಿ ಓಬೋ ಎಂಬ ಊದುವ ವಾದ್ಯ ನುಡಿಸುತ್ತಿದ್ದರು. ಮನೆಯ ಗಂಡುಮಕ್ಕಳಿಗೆಲ್ಲ ಸಂಗೀತವೇ ಕಸುಬು. ವಿಲಿಯಂ ಕೂಡ ಹದಿನಾಲ್ಕರ ಪ್ರಾಯದಲ್ಲೇ ಅದೇ ತಂಡ ಸೇರಿದ. 1757ರಲ್ಲಿ ಹಾಸ್ಟೆನ್‌ಬೆಕ್ ಎಂಬಲ್ಲಿ ಫ್ರೆಂಚರ ಎದುರು ಹ್ಯಾನೋವರ್ ಕಡೆಯವರು ಸೋತರು. ಆ ಗೊಂದಲದಲ್ಲಿ ಹದಿನೆಂಟು ವರ್ಷದ ಹುಡುಗನನ್ನು ಮನೆಯವರೇ ಇಂಗ್ಲೆಂಡಿಗೆ ಕಳಿಸಿದರು. ಅಲ್ಲಿ ಮೊದಮೊದಲು ಹೊಟ್ಟೆಗೆ ಹಾದಿಯಾಗಿದ್ದು ಬೇರೆಯವರ ಸಂಗೀತದ ಹಾಳೆಗಳನ್ನು ನಕಲು ಮಾಡುವ ಕೆಲಸ. ಊರಿಂದೂರಿಗೆ ಪಾಠ ಹೇಳುತ್ತಾ, ಕಛೇರಿ ನಡೆಸುತ್ತಾ ಸುಮಾರು ಒಂಬತ್ತು ವರ್ಷ ಕಳೆದ ಮೇಲೆ, 1766ರಲ್ಲಿ ಬಾತ್ ನಗರದ ಆಕ್ಟಗನ್ ಚಾಪೆಲ್‌ನಲ್ಲಿ ಆರ್ಗನ್ ವಾದಕನ ಕೆಲಸ ಸಿಕ್ಕಿತು. 24 ಸಿಂಫನಿಗಳನ್ನು ಬರೆದಿದ್ದಾರೆ. ಅಂದರೆ ಖಗೋಳ ವಿಜ್ಞಾನಿಯಾಗದಿದ್ದರೂ ಸಂಗೀತಗಾರರಾಗಿ ಅವರ ಹೆಸರು ಎಲ್ಲೋ ಒಂದು ಕಡೆ ಉಳಿಯುತ್ತಿತ್ತು.

ಸಂಗೀತದಿಂದಲೇ ಆಕಾಶಕ್ಕೆ ದಾರಿ ತೆರೆದದ್ದು. ರಾಬರ್ಟ್ ಸ್ಮಿತ್ ಎಂಬವರು ಸ್ವರಗಳ ಗಣಿತದ ಮೇಲೆ ಬರೆದ ಪುಸ್ತಕ ಓದಿ ಮೆಚ್ಚಿ, ಅದೇ ಲೇಖಕರು ಬೆಳಕಿನ ಬಗ್ಗೆ ಬರೆದದ್ದನ್ನೂ ತೆಗೆದುಕೊಂಡರು. ಅದರಲ್ಲಿ ದೂರದರ್ಶಕ ಮಾಡುವ ಕ್ರಮ ಇತ್ತು. ಹಗಲೆಲ್ಲ ಶಿಷ್ಯರಿಗೆ ಪಾಠ, ರಾತ್ರಿ ಪುಸ್ತಕ. ಒಳ್ಳೆಯ ದರ್ಪಣಕ್ಕೆ ಕೊಡಲು ಹಣವಿಲ್ಲದ್ದರಿಂದ 1773ರಲ್ಲಿ ತಾವೇ ದರ್ಪಣ ಉಜ್ಜಲು ಕುಳಿತರು. ಆಗ ದರ್ಪಣವೆಂದರೆ ಗಾಜಲ್ಲ, ತಾಮ್ರ ಮತ್ತು ತವರ ಬೆರೆಸಿ ಎರಕ ಹೊಯ್ದ ಬಿಲ್ಲೆ. ಅದನ್ನು ಗಂಟೆಗಟ್ಟಲೆ ಉಜ್ಜಿ ನಯ ಮಾಡಬೇಕು, ಮಧ್ಯದಲ್ಲಿ ಕೈ ತೆಗೆದರೆ ಆಕಾರ ಕೆಡುತ್ತದೆ.

ಇಲ್ಲಿ ತಂಗಿ ಕ್ಯಾರೊಲಿನ್ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ನಮ್ಮ ಪಾಠಗಳಲ್ಲಿ ಈ ಹೆಸರು ಬರುವುದೇ ಇಲ್ಲ. ಅವರು ಅಣ್ಣನಿಗಿಂತ ಸುಮಾರು ಹನ್ನೊಂದು ವರ್ಷ ಚಿಕ್ಕವರು. ಹತ್ತನೇ ವಯಸ್ಸಿನಲ್ಲಿ ಟೈಫಸ್ ಜ್ವರ ಬಂದು ಬೆಳವಣಿಗೆ ನಾಲ್ಕಡಿ ಮೂರಿಂಚಿಗೇ ನಿಂತಿತ್ತು. ತಾಯಿಗೆ ಮಗಳು ಮನೆಗೆಲಸ ಬಿಟ್ಟು ಹೆಚ್ಚೇನೂ ಕಲಿಯುವುದು ಬೇಡವಾಗಿತ್ತು. 1772ರಲ್ಲಿ ಅಣ್ಣ ಊರಿಗೆ ಹೋಗಿ, ಆಕೆಯ ಬದಲು ಕೆಲಸದವಳನ್ನಿಟ್ಟುಕೊಳ್ಳಲು ತಾಯಿಗೆ ಹಣ ಕೊಡುವ ಏರ್ಪಾಡು ಮಾಡಿ ಬಾತ್‌ಗೆ ಕರೆತಂದರು. ಹಾಡುಗಾರ್ತಿ ಮಾಡಬೇಕೆಂಬ ಉದ್ದೇಶವಿತ್ತು. ಹಾಡಿದ್ದೂ ಉಂಟು. ಆದರೆ ಸ್ವಲ್ಪ ದಿನಕ್ಕೇ ಮನೆಯ ಕೋಣೆಗಳೆಲ್ಲ ಕಮ್ಮಟವಾದವು. ಒಮ್ಮೆ ವಿಲಿಯಂ ಹದಿನಾರು ಗಂಟೆ ದರ್ಪಣದ ಮೇಲಿಂದ ಕೈ ತೆಗೆಯಲಿಲ್ಲ. ಆಗ ಕ್ಯಾರೊಲಿನ್ ತುತ್ತು ಮಾಡಿ ಬಾಯಿಗೆ ಇಟ್ಟರು. ಬೇಸರ ಕಳೆಯಲು ಅರೇಬಿಯನ್ ನೈಟ್ಸ್ ಕಥೆಗಳನ್ನೂ ಓದಿ ಹೇಳುತ್ತಿದ್ದರಂತೆ.

1774ರ ಮಾರ್ಚ್ 1ರಂದು ಹರ್ಷೆಲ್ ಆಕಾಶವೀಕ್ಷಣೆಯ ದಿನಚರಿ ಆರಂಭಿಸಿದರು. ಆ ಮೊದಲ ಪುಟದಲ್ಲಿ ಇರುವುದು ಎರಡು ವಸ್ತು. ಒಂದು ಶನಿಯ ಉಂಗುರ, ಇನ್ನೊಂದು ಓರಿಯನ್ ನೀಹಾರಿಕೆ, ಅಂದರೆ ನಾವು ಮಹಾವ್ಯಾಧ ಎನ್ನುವ ನಕ್ಷತ್ರಪುಂಜದಲ್ಲಿ ಸಾಲಾಗಿರುವ ಮೂರು ನಕ್ಷತ್ರಗಳ ಕೆಳಗೆ ಮಸುಕಾಗಿ ಕಾಣುವ ಮಚ್ಚೆ. ಪುಸ್ತಕದ ಚಿತ್ರದಲ್ಲಿದ್ದ ಆಕಾರಕ್ಕೂ ತಾವು ಕಂಡ ಆಕಾರಕ್ಕೂ ವ್ಯತ್ಯಾಸವಿದೆ ಎಂದು ಅವರು ಗುರುತು ಹಾಕಿಕೊಂಡರು. ಈ ಮಚ್ಚೆ ಜೀವನಪೂರ್ತಿ ಅವರನ್ನು ಬಿಡಲಿಲ್ಲ.

ಯುರೇನಸ್ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಬೇಗ ಹೇಳುತ್ತೇನೆ. 1781ರ ಮಾರ್ಚ್ 13ರ ರಾತ್ರಿ ಬಾತ್‌ನ ಮನೆಯ ಹಿತ್ತಿಲಿನಿಂದ ಏಳು ಅಡಿ ಉದ್ದದ ದೂರದರ್ಶಕದಲ್ಲಿ ಒಂದು ವಿಚಿತ್ರ ಚುಕ್ಕೆ ಕಂಡಿತು. ಧೂಮಕೇತು ಎಂದುಕೊಂಡರು. ಉಳಿದವರು ಕಕ್ಷೆ ಲೆಕ್ಕ ಹಾಕಿದ ಮೇಲೆ ಅದು ಗ್ರಹ ಎಂದು ಖಚಿತವಾಯಿತು. ಪುರಾತನ ಕಾಲದಿಂದ ಗೊತ್ತಿದ್ದ ಗ್ರಹಗಳ ಪಟ್ಟಿಗೆ ಮೊದಲ ಸೇರ್ಪಡೆ ಅದು. ಮೂರನೇ ಜಾರ್ಜ್ ದೊರೆ ವರ್ಷಕ್ಕೆ 200 ಪೌಂಡ್ ವೇತನ ಗೊತ್ತುಮಾಡಿದ. ಸಂಗೀತದ ಪಾಠ ನಿಂತಿತು. 1787ರಿಂದ ಕ್ಯಾರೊಲಿನ್‌ಗೂ ಸಹಾಯಕಿಯೆಂದು ವರ್ಷಕ್ಕೆ 50 ಪೌಂಡ್ ಸಿಕ್ಕಿತು.

ನನಗೆ ಗ್ರಹ ಸಿಕ್ಕ ರಾತ್ರಿಗಿಂತ ಅದೇ ವರ್ಷದ ಆಗಸ್ಟ್ ತಿಂಗಳ ಒಂದು ಹಗಲು ಹೆಚ್ಚು ಇಷ್ಟವಾಯಿತು. ಮೂರಡಿ ಅಗಲದ ದರ್ಪಣವನ್ನು ಎರಕ ಹೊಯ್ಯುವುದೆಂದು ಹರ್ಷೆಲ್ ಹೊರಟಿದ್ದರು. ಅಚ್ಚು ಮಾಡಲು ಕುದುರೆ ಲದ್ದಿ ಬೆರೆಸಿದ ಮಣ್ಣು ಬೇಕು. ಅದನ್ನು ಒರಳಲ್ಲಿ ಕುಟ್ಟಿ ಜರಡಿ ಹಿಡಿಯುವ ಕೆಲಸ ಕ್ಯಾರೊಲಿನ್‌ದೂ ಆಗಿತ್ತು. ಮೊದಲ ಸಲ ಎರಕ ತಣ್ಣಗಾಗುವಾಗ ಬಿರುಕು ಬಿಟ್ಟಿತು. ಎರಡನೇ ಸಲ ಕಾದ ಲೋಹ ತಳದಿಂದ ಸೋರಿ ನೆಲಕ್ಕೆ ಹರಿಯಿತು. ನೆಲದ ಕಲ್ಲುಚಪ್ಪಡಿಗಳು ಸಿಡಿದು ಸೂರಿನವರೆಗೆ ಹಾರಿದವು. ಅಣ್ಣತಮ್ಮಂದಿರೂ ಕೆಲಸದವರೂ ಎದ್ದೆವೋ ಬಿದ್ದೆವೋ ಎಂದು ಓಡಿದರು. ಹರ್ಷೆಲ್ ಸುಸ್ತಾಗಿ ಇಟ್ಟಿಗೆ ರಾಶಿಯ ಮೇಲೆ ಕುಸಿದರು. ಅದೇ ಮನುಷ್ಯ ಎಂಟು ವರ್ಷದ ನಂತರ ನಾಲ್ಕಡಿ ಅಗಲದ ದರ್ಪಣವಿರುವ ನಲವತ್ತಡಿ ಉದ್ದದ ದೂರದರ್ಶಕ ಮುಗಿಸಿದರು. ಅದು ಪೂರ್ತಿಯಾಗುವ ಮೊದಲೇ, 1787ರ ಫೆಬ್ರವರಿಯಲ್ಲಿ, ಕೊಳವೆಯೊಳಗೆ ತೆವಳಿಕೊಂಡು ಹೋಗಿ ನೇತ್ರಮಸೂರವನ್ನು ಕೈಯಲ್ಲೇ ಹಿಡಿದು ನೋಡಿದ್ದೂ ಅದೇ ಓರಿಯನ್ ನೀಹಾರಿಕೆಯನ್ನು.

ಇಪ್ಪತ್ತಡಿ ದೂರದರ್ಶಕವೇ ನಿಜವಾಗಿ ದುಡಿದದ್ದು. ಅಣ್ಣ ಏಣಿಯ ಮೇಲೆ ನಿಂತು ಕಂಡದ್ದನ್ನು ಕೂಗಿ ಹೇಳುವುದು, ತಂಗಿ ದೀಪದ ಬಳಿ ಕುಳಿತು ಗಡಿಯಾರ ನೋಡಿ ಬರೆದುಕೊಳ್ಳುವುದು. 1783ರ ಡಿಸೆಂಬರ್ 31ರ ಹಿಮದ ರಾತ್ರಿ ಕತ್ತಲಲ್ಲಿ ಓಡುವಾಗ ಕ್ಯಾರೊಲಿನ್‌ರ ತೊಡೆಗೆ ಕಬ್ಬಿಣದ ಕೊಕ್ಕೆ ಚುಚ್ಚಿಕೊಂಡು ಮಾಂಸವೇ ಕಿತ್ತು ಬಂದಿತ್ತು. ಇಂಥ ರಾತ್ರಿಗಳ ಫಲವಾಗಿ 1786, 1789 ಮತ್ತು 1802ರಲ್ಲಿ ಒಟ್ಟು 2500 ನೀಹಾರಿಕೆ ಹಾಗೂ ನಕ್ಷತ್ರಗುಚ್ಛಗಳ ಪಟ್ಟಿ ಪ್ರಕಟವಾಯಿತು. ಕ್ಯಾರೊಲಿನ್ ತಾವೇ ಎಂಟು ಧೂಮಕೇತುಗಳನ್ನು ಕಂಡುಹಿಡಿದರು.

ನೀಹಾರಿಕೆ ಎಂದರೇನು? ಹರ್ಷೆಲ್ ಮೊದಲು ನಂಬಿದ್ದು, ಎಲ್ಲವೂ ದೂರದ ನಕ್ಷತ್ರಗಳ ಗುಂಪು, ದೂರದರ್ಶಕ ದೊಡ್ಡದಾದಷ್ಟೂ ಬಿಡಿಬಿಡಿಯಾಗಿ ಕಾಣುತ್ತವೆ ಎಂದು. ಅನೇಕ ಮಚ್ಚೆಗಳು ಅವರ ಕಣ್ಣೆದುರೇ ನಕ್ಷತ್ರಗಳಾಗಿ ಒಡೆದಿದ್ದವು, ಆದ್ದರಿಂದ ನಂಬಿಕೆಗೆ ಆಧಾರವಿತ್ತು. 1790ರ ನವೆಂಬರ್ 13ರಂದು ವೃಷಭ ರಾಶಿಯಲ್ಲಿ ಒಂದು ನಕ್ಷತ್ರ ಕಂಡಿತು. ಅದರ ಸುತ್ತ ದುಂಡಗೆ ಮಂಕು ಬೆಳಕು, ನಕ್ಷತ್ರ ಸರಿಯಾಗಿ ನಡುವೆ. ಎರಡೂ ಒಂದಕ್ಕೊಂದು ಸೇರಿದ್ದೇ ಎಂಬುದರಲ್ಲಿ ಅನುಮಾನವಿಲ್ಲ. ಸುತ್ತಲಿನ ಮಂಕು ಬೆಳಕು ನಕ್ಷತ್ರಗಳದ್ದಾದರೆ, ಅವು ಬಿಡಿಯಾಗಿ ಕಾಣದಷ್ಟು ದೂರದಲ್ಲಿರುವಾಗ ನಡುವಿನದು ಒಂದೇ ಅಷ್ಟು ಹೊಳೆಯಲು ರಾಕ್ಷಸಗಾತ್ರದ್ದಾಗಿರಬೇಕು. ನಡುವಿನದು ಸಾಮಾನ್ಯ ನಕ್ಷತ್ರವಾದರೆ ಸುತ್ತಲಿನವು ನಕ್ಷತ್ರ ಎನ್ನಲಾಗದಷ್ಟು ಚಿಕ್ಕವಾಗಿರಬೇಕು. ಎರಡೂ ಹೊಂದಲಿಲ್ಲ. ಆದ್ದರಿಂದ ಆಕಾಶದಲ್ಲಿ ನಕ್ಷತ್ರವಲ್ಲದ, ತಾನಾಗಿ ಹೊಳೆಯುವ ಒಂದು ದ್ರವ್ಯವೂ ಇದೆ ಎಂದು ಮರುವರ್ಷ ಪ್ರಕಟಿಸಿ, ಆವರೆಗಿನ ತಮ್ಮ ಅಭಿಪ್ರಾಯವನ್ನು ತಾವೇ ತಿದ್ದಿಕೊಂಡರು. ಓರಿಯನ್ ಮಚ್ಚೆಯೂ ಅಂಥದ್ದೇ ಎಂಬ ಕಡೆಗೆ ಒಲಿದರು. ಐವತ್ತು ದಾಟಿದ, ಹೆಸರು ಮಾಡಿದ ಮನುಷ್ಯ. ಒಂದು ನಕ್ಷತ್ರ ನೋಡಿ ಹೀಗೆ ಬದಲಾದದ್ದು ನನಗೆ ಯುರೇನಸ್‌ಗಿಂತ ದೊಡ್ಡದಾಗಿ ಕಾಣುತ್ತದೆ. 1811ರಲ್ಲಿ ಇನ್ನೂ ಮುಂದೆ ಹೋಗಿ, ಇಂಥ ದ್ರವ್ಯವೇ ತನ್ನ ಗುರುತ್ವದಿಂದ ಕುಗ್ಗಿ ಗಟ್ಟಿಯಾಗಿ ನಕ್ಷತ್ರವಾಗುತ್ತದೆ ಎಂದು, ಬೇರೆಬೇರೆ ಹಂತದ ನೀಹಾರಿಕೆಗಳನ್ನು ಸಾಲಾಗಿಟ್ಟು ತೋರಿಸಿದರು. ತೋಟದಲ್ಲಿ ಸಸಿ, ಗಿಡ, ಮರ, ಒಣಗಿದ ಬೊಡ್ಡೆ ಎಲ್ಲವನ್ನೂ ಒಂದೇ ದಿನ ನೋಡಿ ಒಂದು ಮರದ ಬಾಳನ್ನು ಊಹಿಸಿದ ಹಾಗೆ.

ಈ ನಡುವೆ ಬಂದದ್ದು 1800ರ ಉಷ್ಣಮಾಪಕ. ದೊಡ್ಡ ದೂರದರ್ಶಕದಲ್ಲಿ ಸೂರ್ಯನನ್ನು ನೋಡಲು ಅವರು ಬಣ್ಣದ ಗಾಜುಗಳನ್ನು ಅಡ್ಡ ಇಡುತ್ತಿದ್ದರು. ಕೆಲವು ಗಾಜಿನಲ್ಲಿ ಬೆಳಕು ಕಡಿಮೆ, ಕಣ್ಣಿಗೆ ಶಾಖ ಹೆಚ್ಚು. ಇನ್ನು ಕೆಲವದರಲ್ಲಿ ಬೆಳಕು ಹೆಚ್ಚು, ಶಾಖ ಕಡಿಮೆ. ಹಾಗಾದರೆ ಬಣ್ಣಬಣ್ಣಕ್ಕೆ ಶಾಖ ಬೇರೆಯೇ? ಕಿಟಕಿಯಲ್ಲಿ ಪಟ್ಟಕ ಇಟ್ಟು ಮೇಜಿನ ಮೇಲೆ ರೋಹಿತ ಬೀಳಿಸಿದರು. ಉಷ್ಣಮಾಪಕದ ಬುರುಡೆಗೆ ಕಪ್ಪು ಬಳಿದರು, ಒಂದನ್ನು ಬಣ್ಣದಲ್ಲಿಟ್ಟು ಇನ್ನೊಂದನ್ನು ಹೋಲಿಕೆಗಾಗಿ ಪಕ್ಕದ ನೆರಳಿನಲ್ಲಿಟ್ಟರು. ಸರಾಸರಿ ಏರಿಕೆ ಕೆಂಪಿನಲ್ಲಿ ಆರು ಪೂರ್ಣಾಂಕ ಏಳು ಎಂಟಾಂಶ ಡಿಗ್ರಿ ಫ್ಯಾರನ್‌ಹೀಟ್, ಹಸಿರಿನಲ್ಲಿ ಮೂರೂಕಾಲು, ನೇರಳೆಯಲ್ಲಿ ಎರಡು. ಎಂಟರಿಂದ ಗುಣಿಸಿದರೆ 55, 26, 16. ಇದನ್ನು ಹಲಗೆಯ ಮೇಲೆ ಸ್ತಂಭನಕ್ಷೆ ಮಾಡಲು ಬಹಳ ಚೆನ್ನಾಗಿದೆ.

ಕೆಂಪಿನ ಆಚೆ ಉಷ್ಣಮಾಪಕ ಅಕಸ್ಮಾತ್ತಾಗಿ ಉಳಿದುಬಿಟ್ಟಿತ್ತು ಎಂಬ ಕಥೆಯನ್ನು ನಾನೂ ತರಗತಿಯಲ್ಲಿ ಹೇಳಿದ್ದೆ. ಹರ್ಷೆಲ್ ಬರೆದದ್ದರ ಪ್ರಕಾರ ಕೆಲಸ ಹಾಗೆ ನಡೆಯಲಿಲ್ಲ. ನೇರಳೆಯಿಂದ ಕೆಂಪಿಗೆ ಏರುತ್ತಾ ಬಂದದ್ದು ಕೆಂಪಿನ ಅಂಚಿನಲ್ಲಿ ಥಟ್ಟನೆ ಏಕೆ ನಿಲ್ಲಬೇಕು ಎಂಬ ಯೋಚನೆಯಿಂದಲೇ ಅವರು ಬಣ್ಣ ಮುಗಿದಲ್ಲಿಂದ ಅರ್ಧ ಇಂಚು, ಒಂದು ಇಂಚು, ಒಂದೂವರೆ ಇಂಚು ಆಚೆ ಉಷ್ಣಮಾಪಕ ಇಟ್ಟು ನೋಡಿದರು. ಎಲ್ಲ ಕಡೆಯೂ ಪಾದರಸ ಏರಿತು. ನೇರಳೆಯ ಆಚೆಯೂ ಇಟ್ಟರು, ಅಲ್ಲಿ ಏರಲಿಲ್ಲ. ಅಂದರೆ ನನ್ನ ತರಗತಿಯ ಹುಡುಗಿ ಕೇಳಿದ ಪ್ರಶ್ನೆಯನ್ನೇ ಅವರೂ ಕೇಳಿಕೊಂಡಿದ್ದರು.

ಆ ವರ್ಷ ಇದರ ಮೇಲೆ ನಾಲ್ಕು ಪ್ರಬಂಧಗಳು ರಾಯಲ್ ಸೊಸೈಟಿಯಲ್ಲಿ ಬಂದವು. ಸೂರ್ಯನನ್ನು ಬಿಟ್ಟು ಮೇಣದಬತ್ತಿ, ಒಲೆಯ ಬೆಂಕಿ, ಕಾದ ಕಬ್ಬಿಣ ಇವುಗಳ ಶಾಖವನ್ನೂ ದರ್ಪಣದಿಂದ ಪ್ರತಿಫಲಿಸಿ, ಮಸೂರದಿಂದ ಒಂದೆಡೆ ಸೇರಿಸಿ ನೋಡಿದರು. ಕಾಣದ ಕಿರಣವೂ ಬೆಳಕಿನ ನಿಯಮವನ್ನೇ ಪಾಲಿಸುತ್ತಿತ್ತು. ಮೊದಲ ಪ್ರಬಂಧಗಳಲ್ಲಿ ಅವರು ಇವೆರಡೂ ಒಂದೇ ಎನ್ನುವ ಕಡೆಗಿದ್ದರು. ಕೊನೆಯ ಹೊತ್ತಿಗೆ ಮನಸ್ಸು ಬದಲಾಯಿತು. ಬೆಳಕಿನ ತೀವ್ರತೆಗೊಂದು ರೇಖೆ, ಶಾಖಕ್ಕೊಂದು ರೇಖೆ ಎಳೆದಾಗ ಎರಡರ ಶಿಖರ ಬೇರೆಬೇರೆ ಕಡೆ ಬಂತು. ಬಣ್ಣದ ಗಾಜುಗಳು ಒಂದನ್ನು ತಡೆದಷ್ಟೇ ಇನ್ನೊಂದನ್ನು ತಡೆಯಲಿಲ್ಲ. ಆದ್ದರಿಂದ ಬೆಳಕಿನ ಕಿರಣ ಬೇರೆ, ಶಾಖದ ಕಿರಣ ಬೇರೆ ಎಂದು ತೀರ್ಮಾನಿಸಿದರು. ಇದು ತಪ್ಪು. 1790ರಲ್ಲಿ ಅಭಿಪ್ರಾಯ ಬದಲಿಸಿ ಸರಿದಾರಿಗೆ ಬಂದವರು 1800ರಲ್ಲಿ ಬದಲಿಸಿ ದಾರಿ ತಪ್ಪಿದರು, ಎರಡೂ ಸಲ ಕೈಯಲ್ಲಿದ್ದ ಅಳತೆಗೆ ನಿಷ್ಠರಾಗಿಯೇ. ಎರಡೂ ಒಂದೇ ಬಗೆಯ ತರಂಗ, ತರಂಗದೂರ ಮಾತ್ರ ಬೇರೆ ಎಂಬ ತಿಳಿವು ಗಟ್ಟಿಯಾಗಲು ಇನ್ನೂ ಕೆಲವು ದಶಕ ಬೇಕಾಯಿತು. ಕಣ್ಣು ಕೆಲವು ತರಂಗದೂರಕ್ಕೆ ಮಾತ್ರ ಸ್ಪಂದಿಸುತ್ತದೆ, ಹಾಗಾಗಿ ಕಣ್ಣಿನ ರೇಖೆ ಬೇರೆ ಬಂದದ್ದು ಬೆಳಕಿನ ಗುಣವಲ್ಲ, ಕಣ್ಣಿನ ಗುಣ. ಹಾಗೆಂದು ಅವರನ್ನು ದೋಷವಿಲ್ಲದ ಮಹಾಪುರುಷ ಮಾಡಲೂ ಆಗದು. ಸೂರ್ಯನ ಹೊಳೆಯುವ ಮೋಡಗಳ ಕೆಳಗೆ ತಂಪಾದ ನೆಲವಿದೆ, ಅಲ್ಲಿ ಜೀವಿಗಳಿವೆ ಎಂದೂ ಅವರು ಗಂಭೀರವಾಗಿ ಬರೆದಿದ್ದಾರೆ.

ಉಳಿದದ್ದು ಸ್ವಲ್ಪ. 1788ರಲ್ಲಿ ಮೇರಿ ಪಿಟ್ ಎಂಬ ವಿಧವೆಯನ್ನು ಮದುವೆಯಾಗಿದ್ದರು. ಅಂದಿನಿಂದ ಮುಂದಿನ ಹತ್ತು ವರ್ಷದ ತಮ್ಮ ದಿನಚರಿಯನ್ನು ಕ್ಯಾರೊಲಿನ್ ನಾಶ ಮಾಡಿದ್ದಾರೆ. ಕಾರಣವನ್ನು ಓದುಗರೇ ಊಹಿಸಬಹುದು. 1792ರಲ್ಲಿ ಹುಟ್ಟಿದ ಮಗ ಜಾನ್ ಕೂಡ ದೊಡ್ಡ ಖಗೋಳ ವಿಜ್ಞಾನಿಯಾದರು. 1816ರಲ್ಲಿ ಹರ್ಷೆಲ್‌ಗೆ ಸರ್ ಪದವಿ ಬಂತು. 1822ರ ಆಗಸ್ಟ್ 25ರಂದು ಸ್ಲೌ ಪಟ್ಟಣದ ಮನೆಯಲ್ಲಿ 83ನೇ ವಯಸ್ಸಿನಲ್ಲಿ ತೀರಿಕೊಂಡರು. ಯುರೇನಸ್ ಸೂರ್ಯನನ್ನು ಒಂದು ಸುತ್ತು ಹಾಕಲು 84 ವರ್ಷ ಬೇಕು. ಕ್ಯಾರೊಲಿನ್ ಹ್ಯಾನೋವರ್‌ಗೆ ಮರಳಿ, ಅಣ್ಣ ಕಂಡ 2500 ನೀಹಾರಿಕೆಗಳನ್ನೂ ಅಳಿಯ ಜಾನ್‌ಗೆ ಅನುಕೂಲವಾಗುವಂತೆ ಹೊಸದಾಗಿ ಜೋಡಿಸಿಕೊಟ್ಟರು. ಅದಕ್ಕೆ 1828ರಲ್ಲಿ ಖಗೋಳ ಸೊಸೈಟಿಯ ಚಿನ್ನದ ಪದಕ ಬಂತು. ಅವರು 1848ರವರೆಗೆ, 97 ವರ್ಷ ಬದುಕಿದರು.

ಹರ್ಷೆಲ್ ಜೀವನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ನೀಹಾರಿಕೆ ಒಂದು ಕಡೆ, ಕಾಣದ ಶಾಖಕಿರಣ ಇನ್ನೊಂದು ಕಡೆ. ಎರಡೂ ಅವರ ಕೈಯಲ್ಲೇ ಇದ್ದವು, ಒಂದಕ್ಕೊಂದು ಸೇರಲಿಲ್ಲ. ಸೇರಿಸಲು ಆಗ ಸಾಧ್ಯವೂ ಇರಲಿಲ್ಲ. ನೀಹಾರಿಕೆ ಅನಿಲ ಎಂಬುದೇ ರೋಹಿತದಿಂದ ಸಾಬೀತಾಗಿದ್ದು 1864ರಲ್ಲಿ, ವಿಲಿಯಂ ಹಗಿನ್ಸ್ ಅವರಿಂದ.

ಅನಿಲ ಕುಗ್ಗಿ ನಕ್ಷತ್ರವಾಗಬೇಕಾದರೆ ಒಂದು ತೊಡಕಿದೆ. ಕುಗ್ಗಿದಾಗ ಅನಿಲ ಬಿಸಿಯಾಗುತ್ತದೆ, ಬಿಸಿಯಾದರೆ ಒತ್ತಡ ಹೆಚ್ಚಿ ಕುಗ್ಗುವುದು ನಿಲ್ಲುತ್ತದೆ. ಸೈಕಲ್ ಪಂಪ್ ಹೊಡೆದವರಿಗೆ ಇದು ಗೊತ್ತು. ನಕ್ಷತ್ರ ಹುಟ್ಟಬೇಕಾದರೆ ಆ ಶಾಖ ಹೊರಗೆ ಹೋಗಬೇಕು. ಹೋಗುವ ಮುಖ್ಯ ದಾರಿಗಳಲ್ಲಿ ಒಂದು ದೂರ ಅವಕೆಂಪು ಕಿರಣ. ಓರಿಯನ್ ನೀಹಾರಿಕೆಯ ನಡುವಿನ ಎಳೆಯ ನಕ್ಷತ್ರಗಳು ನೇರಳಾತೀತ ಕಿರಣ ಸೂಸುತ್ತವೆ. ಹೈಡ್ರೋಜನ್ ಪರಮಾಣುವಿನಿಂದ ಎಲೆಕ್ಟ್ರಾನ್ ಕೀಳಲು 13.6 ಎಲೆಕ್ಟ್ರಾನ್ ವೋಲ್ಟ್ ಬೇಕು, ಕಾರ್ಬನ್‌ಗೆ 11.3 ಸಾಕು. ಹೀಗಾಗಿ ಹೈಡ್ರೋಜನ್ ಅಯಾನಾಗದೆ ಉಳಿಯುವ ಅಂಚಿನ ಪದರದಲ್ಲೂ ಕಾರ್ಬನ್ ಒಂದು ಎಲೆಕ್ಟ್ರಾನ್ ಕಳೆದುಕೊಂಡು ಅಯಾನಾಗಿರುತ್ತದೆ. ಈ ಅಯಾನಿಗೆ ಬಹಳ ಹತ್ತಿರ ಹತ್ತಿರದ ಎರಡು ಶಕ್ತಿಮಟ್ಟಗಳಿವೆ. ಅನಿಲದ ಬೇರೆ ಕಣ ಬಂದು ಡಿಕ್ಕಿ ಹೊಡೆದರೆ ಕೆಳಗಿನದರಿಂದ ಮೇಲಕ್ಕೆ ಏರುತ್ತದೆ. ಹಾಗೇ ಬಿಟ್ಟರೆ ಸರಾಸರಿ ಐದು ದಿನದ ಮೇಲೆ ಕೆಳಗಿಳಿದು 158 ಮೈಕ್ರೊಮೀಟರ್ ತರಂಗದೂರದ ಒಂದು ಫೋಟಾನ್ ಬಿಡುತ್ತದೆ. ಡಿಕ್ಕಿ ಹೊಡೆದ ಕಣದ ಚಲನಶಕ್ತಿ ಹೀಗೆ ಮೋಡದಿಂದ ಹೊರಗೆ ಹಾರಿಹೋಯಿತು. ಅನಿಲ ಅಷ್ಟು ತಣ್ಣಗಾಯಿತು. ಆಮ್ಲಜನಕ ಪರಮಾಣು 63 ಮೈಕ್ರೊಮೀಟರ್‌ನಲ್ಲಿ ಇದೇ ಕೆಲಸ ಮಾಡುತ್ತದೆ. ಸುಡುವ ನಕ್ಷತ್ರ ಹುಟ್ಟಲು ಮೊದಲು ಮೋಡ ತಣಿಯಬೇಕು ಎಂಬುದು ನನಗೇ ಹೊಸದು.

158 ಮೈಕ್ರೊಮೀಟರ್ ಕೆಂಪು ಬೆಳಕಿನ ತರಂಗದೂರಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು. ಹರ್ಷೆಲ್‌ರ ಗಾಜಿನ ಪಟ್ಟಕದಲ್ಲಿ ಅದು ಹಾದುಹೋಗುತ್ತಲೇ ಇರಲಿಲ್ಲ. ನಮ್ಮ ವಾತಾವರಣದ ನೀರಾವಿಯೂ ಅದನ್ನು ನುಂಗಿಬಿಡುತ್ತದೆ, ಬೆಟ್ಟ ಹತ್ತಿದರೂ ಸಾಲದು. 1980ರಲ್ಲಿ ಅಮೆರಿಕದ ವಿಜ್ಞಾನಿಗಳು ಎತ್ತರದಲ್ಲಿ ಹಾರುವ ಸಣ್ಣ ಜೆಟ್ ವಿಮಾನದಲ್ಲಿ ದೂರದರ್ಶಕ ಇಟ್ಟು ಮೊದಲ ಬಾರಿಗೆ ಈ ರೇಖೆಯನ್ನು ಹಿಡಿದರು. ಹಿಡಿದ ಜಾಗ ಓರಿಯನ್ ನೀಹಾರಿಕೆ. 1774ರ ಆ ಮೊದಲ ಪುಟದ ಮಚ್ಚೆಯೇ. ನಮ್ಮ ದೇಶದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಹೈದರಾಬಾದಿನಿಂದ ದೊಡ್ಡ ಬಲೂನಿಗೆ ಒಂದು ಮೀಟರ್ ದೂರದರ್ಶಕ ಕಟ್ಟಿ ವಾತಾವರಣದ ಬಹುಭಾಗದ ಮೇಲಕ್ಕೆ ಏರಿಸಿ, ಜಪಾನಿನ ವಿಜ್ಞಾನಿಗಳ ರೋಹಿತಮಾಪಕದೊಂದಿಗೆ ನಕ್ಷತ್ರ ಹುಟ್ಟುವ ಮೋಡಗಳಲ್ಲಿ ಇದೇ 158 ಮೈಕ್ರೊಮೀಟರ್ ರೇಖೆಯನ್ನು ಅಳೆದಿದ್ದಾರೆ.

2009ರ ಮೇ 14ರಂದು ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ 3.5 ಮೀಟರ್ ದರ್ಪಣದ ಒಂದು ದೂರದರ್ಶಕವನ್ನು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆಗೆ ಕಳಿಸಿತು. ಹೆಸರು ಹರ್ಷೆಲ್. ತನ್ನದೇ ಶಾಖ ನೀಹಾರಿಕೆಯ ಶಾಖವನ್ನು ಮುಳುಗಿಸದಿರಲೆಂದು ಅದರ ಉಪಕರಣಗಳನ್ನು ಎರಡು ಸಾವಿರ ಲೀಟರಿಗೂ ಹೆಚ್ಚು ದ್ರವ ಹೀಲಿಯಂನಿಂದ ತಣ್ಣಗಿಟ್ಟಿದ್ದರು. 2013ರ ಏಪ್ರಿಲ್ ಕೊನೆಯಲ್ಲಿ ಹೀಲಿಯಂ ಮುಗಿದು ಅದು ಕುರುಡಾಯಿತು. ಅಷ್ಟರೊಳಗೆ ಓರಿಯನ್ ಮೋಡದಲ್ಲಿ ನೀರು, ಕಾರ್ಬನ್ ಮಾನಾಕ್ಸೈಡ್, ಮೆಥನಾಲ್ ಮುಂತಾದವುಗಳ ರೇಖೆಗಳ ಕಾಡನ್ನೇ ತೋರಿಸಿತ್ತು. ಆಮೇಲೆ ಸೋಫಿಯಾ ಎಂಬ ವಿಮಾನ ವೀಕ್ಷಣಾಲಯ ಕಾರ್ಬನ್ ಅಯಾನಿನ ರೇಖೆಯಲ್ಲಿ ಓರಿಯನ್‌ನ ನಕ್ಷೆ ಬರೆದಾಗ, ನಡುವಿನ ದೊಡ್ಡ ನಕ್ಷತ್ರದ ಗಾಳಿ ಸುತ್ತಲಿನ ಅನಿಲವನ್ನು ಸೆಕೆಂಡಿಗೆ ಸುಮಾರು 13 ಕಿಲೋಮೀಟರ್ ವೇಗದಲ್ಲಿ ಗುಳ್ಳೆಯಂತೆ ಹೊರಗೆ ತಳ್ಳುತ್ತಿರುವುದು ಕಂಡಿತು.

ಇನ್ನು ನನ್ನ ತಪ್ಪು. ಗಾಜಿನ ಪಟ್ಟಕ ಎಲ್ಲ ಬಣ್ಣವನ್ನೂ ಒಂದೇ ಸಮ ಹರಡುವುದಿಲ್ಲ. ನೇರಳೆಯನ್ನು ಅಗಲಕ್ಕೆ ಹರಡುತ್ತದೆ, ಕೆಂಪನ್ನೂ ಅದರ ಆಚೆಯದನ್ನೂ ಇಕ್ಕಟ್ಟಾಗಿ ಒತ್ತುತ್ತದೆ. ಉಷ್ಣಮಾಪಕದ ಬುರುಡೆಯ ಅಗಲ ಮಾತ್ರ ಎಲ್ಲ ಕಡೆಯೂ ಒಂದೇ. ಆದ್ದರಿಂದ ಕೆಂಪಿನ ಆಚೆ ಇಟ್ಟ ಬುರುಡೆಗೆ ಬಹಳಷ್ಟು ತರಂಗದೂರಗಳ ಶಕ್ತಿ ಒಟ್ಟಿಗೆ ಬೀಳುತ್ತದೆ. ಸೂರ್ಯನಿಂದ ಬರುವ ಶಕ್ತಿಯಲ್ಲಿ ಸುಮಾರು ಅರ್ಧ ಅವಕೆಂಪು ಎಂಬುದು ನಿಜ. ಆದರೆ ಸಮ ತರಂಗದೂರದ ತುಂಡುಗಳಾಗಿ ಅಳೆದರೆ ಶಿಖರ ಬರುವುದು ಕಾಣುವ ಬೆಳಕಿನಲ್ಲೇ, ಹಸಿರಿನ ಆಸುಪಾಸಿನಲ್ಲಿ. ಹುಡುಗಿ ಹಳದಿಯಲ್ಲಿ ಏಕಿಲ್ಲ ಎಂದು ಕೇಳಿದ್ದು ಸರಿಯಾಗಿಯೇ ಇತ್ತು.

ಮರುವಾರ ಅದೇ ತರಗತಿಗೆ ಹದಿಮೂರನೇ ಪಾಠ. ಹಿಂದಿನ ಪಾಠದಲ್ಲಿ ತಪ್ಪು ಹೇಳಿದ್ದೆ ಎಂದು ಹೇಳಿ ಆರಂಭಿಸಿದೆ. ಹೇಳುವ ಮೊದಲು ನಾಲಿಗೆ ಒಣಗಿತ್ತು, ಅಂಕ ಹೋಗುತ್ತದೆಂಬ ಭಯವೂ ಇತ್ತು. ಮೇಜಿನ ಮೇಲೆ ಒಂದು ಪಾವು ರಾಗಿಯನ್ನು ಅಗಲಕ್ಕೆ ಹರಡಿದೆ, ಇನ್ನೊಂದು ಪಾವನ್ನು ಕಿರಿದಾದ ಸಾಲಾಗಿ ಸುರಿದೆ. ಒಂದೇ ಅಳತೆಯ ಬೆಂಕಿಪೊಟ್ಟಣದ ತಟ್ಟೆಯಿಂದ ಎರಡೂ ಕಡೆ ಒಂದೊಂದು ಸಲ ಬಾಚಿ ತೂಗಿಸಿದೆ. ಆಮೇಲೆ ಅಂಗಳಕ್ಕೆ ಹೋಗಿ ರಟ್ಟಿನ ಪೆಟ್ಟಿಗೆಯಲ್ಲಿ ಪ್ರಯೋಗ ಮಾಡಿದೆವು. ನೆರಳಿನಲ್ಲಿ 29 ಡಿಗ್ರಿ ಸೆಲ್ಸಿಯಸ್ ಇತ್ತು. ನೀಲಿಯಲ್ಲಿ 30, ಹಳದಿಯಲ್ಲಿ 31, ಕೆಂಪಿನ ಆಚೆ 32.5. ಕಾಣದ ಕಡೆ ಪಾದರಸ ಏರುವುದನ್ನು ನೋಡಲು ನೂಕುನುಗ್ಗಲು. ನೆರಳು ಬಿದ್ದು ಮೊದಲ ಅಳತೆ ಹಾಳಾಯಿತು, ಎರಡನೆಯದು ಸರಿಯಾಯಿತು.

ಈ ಪ್ರಯೋಗ ಮಾಡುವ ಸಹಪಾಠಿಗಳಿಗೆ ಎರಡು ಮಾತು. ಬುರುಡೆಗೆ ಕಾಡಿಗೆ ಬಳಿಯದಿದ್ದರೆ ಹೆಚ್ಚೇನೂ ಏರುವುದಿಲ್ಲ. ಬೆಳಿಗ್ಗೆ ಹತ್ತರ ಒಳಗೆ ಮಾಡಿದರೆ ಸೂರ್ಯ ಓರೆಯಾಗಿದ್ದು ರೋಹಿತ ಉದ್ದವಾಗಿ ಬೀಳುತ್ತದೆ, ಐದು ಮಿನಿಟಿಗೊಮ್ಮೆ ಪೆಟ್ಟಿಗೆ ತಿರುಗಿಸಬೇಕು. ಪಟ್ಟಕ ನಮ್ಮ ಕಾಲೇಜಿನ ಪ್ರಯೋಗಾಲಯದ ಎಡ ಬೀರುವಿನಲ್ಲಿದೆ. ಒಂದು ಮೂಲೆ ಚೂರಾಗಿದೆ, ಆ ಕಡೆಯನ್ನು ಮೇಲೆ ಮಾಡಿ ಇಡಿ.